ನುಡಿಗಲಿಕೆಯೂ ಮಕ್ಕಳ ಸೇವೆಯೂ

ಸೇವೆಯು ಸರ್ವರೂ ಕೊಂಡಾಡುವ ಗುಣ. ಆದರೆ ಸೇವೆ ಮಾಡುವವನಿಗೆ ಆ ಸೇವೆಯಿಂದಲೇ ಒಂದು ಲಾಭವು ಒದಗುವುದಾದರೆ ಅದನ್ನು ಸೇವೆಯೆನ್ನಬಹುದೆ, ವ್ಯವಹಾರವೆನ್ನಬೇಕೆ ಎಂಬ ಪ್ರಶ್ನೆಯು ವಿಚಾರವಂತರನ್ನು ಬಹುಕಾಲದಿಂದ ಕಾಡುತ್ತ ಬಂದಿದೆ. ಲಾಭದ ಲೇಶವೂ ಇಲ್ಲದ ಸೇವೆಯನ್ನು ಹುಡುಕಹೊರಟರೆ ಅದು ಲೋಕದಲ್ಲಿ ದೊರೆಯುವುದೇ ದುರ್ಲಭ. ಲಾಭವಿದ್ದರೂ ದೋಷವಿಲ್ಲವೆಂದರೆ ವ್ಯಾಪಾರಕ್ಕೂ ಸೇವೆಗೂ ಭೇದವೇ ಉಳಿಯದು. ಈ ತೊಡಕನ್ನು ಬಿಡಿಸುವುದಕ್ಕೆ ಇಂದು ದೂರದೇಶಗಳಲ್ಲಿ ರೂಢಿಗೆ ಬಂದಿರುವ ಒಂದು ಪದ್ಧತಿಯನ್ನು ದೃಷ್ಟಾಂತವಾಗಿ ತೆಗೆದುಕೊಳ್ಳಬಹುದು. ಸ್ಪ್ಯಾನಿಷ್ ಭಾಷೆಯನ್ನು ಕಲಿಯಲೆಂದು ಪರದೇಶಕ್ಕೆ ಹೋದವರು ಅಲ್ಲಿಯ ಬಡಮಕ್ಕಳ ಸೇವೆಯನ್ನೂ ಅದರೊಡನೆಯೇ ಕೈಗೊಳ್ಳುವುದು ಆ ಪದ್ಧತಿ.

ಮಧ್ಯ ಅಮೆರಿಕದ ಗ್ವಾಟೆಮಾಲ ದೇಶದಲ್ಲಿ ಆಂಟಿಗುವ ಎಂಬ ಹಳೆಯ ಪಟ್ಟಣವಿದೆ. ಸ್ಪೇನ್ ದೇಶದವರ ಆಳ್ವಿಕೆಯಲ್ಲಿ ಅದು ರಾಜಧಾನಿಯಾಗಿದ್ದಿತು. 1773ರ ಭೂಕಂಪದಲ್ಲಿ ಇಗರ್ಜಿಗಳೂ ಮನೆಗಳೂ ಕುಸಿದುದರಿಂದ ರಾಜಧಾನಿಯನ್ನು ಬೇರೆಡೆಗೆ ಸಾಗಿಸಿದರು. ಹಾಳುಗೋಡೆಗಳ ನಡುವೆ ಉಳಿದುಕೊಂಡ ಆ ಪಟ್ಟಣವನ್ನು 1979ರಲ್ಲಿ ಯುನೆಸ್ಕೋ ಸಂಸ್ಥೆಯು ವಿಶ್ವ ಪರಂಪರೆಯ ತಾಣವೆಂದು ಮಾನ್ಯಮಾಡಿತು. ಇಂದು ಅಲ್ಲಿ ಪರದೇಶಿಯರಿಗೆ ಸ್ಪ್ಯಾನಿಷ್ ಕಲಿಸುವ ಶಾಲೆಗಳು ಅನೇಕವಾಗಿವೆ. ಒಬ್ಬ ವಿದ್ಯಾರ್ಥಿಗೆ ಒಬ್ಬ ಉಪಾಧ್ಯಾಯರಿರುವುದು ಈ ಶಾಲೆಗಳ ವೈಶಿಷ್ಟ್ಯ. ವಿದ್ಯಾರ್ಥಿಯು ಊರಿನ ಗೃಹಸ್ಥರೊಬ್ಬರ ಮನೆಯಲ್ಲಿದ್ದು ಅವರೊಡನೆ ಉಣ್ಣುತ್ತ, ಅವರ ನುಡಿಯನ್ನೇ ಕೇಳುತ್ತ ಕಲಿಯುತ್ತಾನೆ. ಮುಂಜಾನೆ ಪಾಠ, ಮಧ್ಯಾಹ್ನದ ಮೇಲೆ, ಇಚ್ಛೆಯುಳ್ಳವರಿಗೆ, ಬಡಮಕ್ಕಳ ಶಾಲೆಯಲ್ಲಿಯೋ ಅನಾಥಾಲಯದಲ್ಲಿಯೋ ಸ್ವಯಂಸೇವೆ. ಹೀಗೆ ಕೆಲವರು ಎರಡು ವಾರ, ಕೆಲವರು ಎರಡು ತಿಂಗಳು ಇದ್ದು ತಮ್ಮ ದೇಶಗಳಿಗೆ ಹಿಂದಿರುಗುವರು.

ಇದರಲ್ಲಿ ಕಲಿಯುವವನಿಗೆ ಆಗುವ ಲಾಭವು ಸ್ಪಷ್ಟವಾಗಿದೆ. ದೊಡ್ಡವರು ಪರದೇಶಿಯ ತಪ್ಪು ಮಾತನ್ನು ಮರ್ಯಾದೆಗಾಗಿ ಕೇಳಿಯೂ ಕೇಳದಂತೆ ಇರುತ್ತಾರೆ. ಮಕ್ಕಳಾದರೋ ಕೈತಟ್ಟಿ ನಗುತ್ತಾರೆ, ನಕ್ಕು ತಿದ್ದುತ್ತಾರೆ, ಒಂದೇ ಶಬ್ದವನ್ನು ಹತ್ತು ಸಲ ಹೇಳಿಕೊಡುವುದಕ್ಕೂ ಬೇಸರಪಡುವುದಿಲ್ಲ. ಇಲ್ಲಿ ಇನ್ನೊಂದು ವಿಷಯವನ್ನು ಗಮನಿಸಬೇಕು. ಗ್ವಾಟೆಮಾಲದಲ್ಲಿ ಸ್ಪ್ಯಾನಿಷಿನ ಜೊತೆಗೆ 22 ಮಾಯಾ ಭಾಷೆಗಳು ಜೀವಂತವಾಗಿವೆ. ತಾಯಿಯಿಂದ ಮಾಯಾ ನುಡಿಯನ್ನು ಕಲಿತು, ಶಾಲೆಗೆ ಬಂದ ಮೇಲೆ ಸ್ಪ್ಯಾನಿಷನ್ನು ಕಷ್ಟಪಟ್ಟು ರೂಢಿಸಿಕೊಳ್ಳುವ ಮಕ್ಕಳು ಅಲ್ಲಿ ಬಹುಮಂದಿ. ಇಂಥ ಮಗುವು ತಾನು ಶ್ರಮದಿಂದ ಗಳಿಸಿದುದನ್ನೇ ಪರದೇಶಿಗೆ ಧಾರೆಯೆರೆಯುತ್ತದೆ. ಕೊಡಲು ಬಂದೆನೆಂದು ತಿಳಿದವನು ವಾಸ್ತವದಲ್ಲಿ ಪಡೆಯುತ್ತಿರುತ್ತಾನೆ.

ಈ ಪದ್ಧತಿಯ ಮೇಲೆ ಬಲವಾದ ಆಕ್ಷೇಪವನ್ನು ಎತ್ತಿದವರು ಇವಾನ್ ಇಲಿಚ್ ಎಂಬ ವಿಚಾರವಂತರು. ವಿಯೆನ್ನಾ ನಗರದಲ್ಲಿ ಹುಟ್ಟಿ ಕ್ರೈಸ್ತ ಪಾದ್ರಿಗಳಾಗಿದ್ದ ಅವರು 1961ರಲ್ಲಿ ಮೆಕ್ಸಿಕೋ ದೇಶದ ಕ್ವೆರ್ನವಾಕ ಪಟ್ಟಣದಲ್ಲಿ ಒಂದು ಕೇಂದ್ರವನ್ನು ತೆರೆದು, ಉತ್ತರ ಅಮೆರಿಕದಿಂದ ಬರುವ ಧರ್ಮಪ್ರಚಾರಕರಿಗೂ ಸ್ವಯಂಸೇವಕರಿಗೂ ಸ್ಪ್ಯಾನಿಷ್ ಕಲಿಸುವ ಏರ್ಪಾಡು ಮಾಡಿದ್ದರು. ಹೀಗೆ ಭಾಷೆ ಕಲಿಸುವ ಸ್ಥಾನದಲ್ಲಿದ್ದವರೇ 1968ರಲ್ಲಿ ಮೆಕ್ಸಿಕೋ ಸೇವೆಗೆ ಹೊರಡಲಿದ್ದ ಅಮೆರಿಕದ ವಿದ್ಯಾರ್ಥಿಗಳ ಎದುರು ನಿಂತು ಕಟುವಾಗಿ ಮಾತನಾಡಿದರು. ನೋಡಲು ಬನ್ನಿರಿ, ಕಲಿಯಲು ಬನ್ನಿರಿ, ಉದ್ಧರಿಸಲು ಮಾತ್ರ ಬರಬೇಡಿರಿ ಎಂಬುದು ಅವರ ಮಾತಿನ ಸಾರಾಂಶ. ಒಳ್ಳೆಯ ಉದ್ದೇಶವೊಂದೇ ಸಾಲದು. ನುಡಿಯನ್ನೂ ಅರಿಯದೆ ಬಂದವನಿಗೆ ತಾನು ಮಾಡುತ್ತಿರುವ ಕೇಡು ಕೂಡ ತಿಳಿಯದು ಎಂದು ಅವರು ವಾದಿಸಿದರು.

ಈ ಮಾತು ಅತಿ ಕಠೋರವಲ್ಲವೆ ಎಂದು ಶಂಕಿಸಬಹುದು. ಮರ ನೆಡುವವನ, ಗೋಡೆ ಕಟ್ಟುವವನ ವಿಷಯದಲ್ಲಿ ಅದು ಕಠೋರವೇ ಇದ್ದೀತು. ಮಕ್ಕಳ ವಿಷಯ ಬೇರೆ. ನೆಟ್ಟವನು ಹೊರಟುಹೋದನೆಂದು ಮರವು ಕೊರಗುವುದಿಲ್ಲ, ಮಗುವು ಕೊರಗುತ್ತದೆ. 1951ರಲ್ಲಿ ಜಾನ್ ಬೌಲ್ಬಿ ಎಂಬ ಇಂಗ್ಲೆಂಡಿನ ಮನೋವೈದ್ಯರು ವಿಶ್ವ ಆರೋಗ್ಯ ಸಂಸ್ಥೆಗಾಗಿ ಬರೆದ ವರದಿಯಲ್ಲಿ, ತಾಯಿಯ ಅಥವಾ ತಾಯಿಯ ಸ್ಥಾನದಲ್ಲಿ ಸ್ಥಿರವಾಗಿ ನಿಂತವರ ಎಡೆಬಿಡದ ಅಕ್ಕರೆಯು ಮಗುವಿನ ಮನಸ್ಸಿನ ಆರೋಗ್ಯಕ್ಕೆ ಅತ್ಯವಶ್ಯವೆಂದು ಪ್ರತಿಪಾದಿಸಿದರು. ತಾಯಿಯನ್ನು ಅಗಲಿದ ಎಳೆಯ ಮಗು ಮೊದಲು ಅತ್ತು ಪ್ರತಿಭಟಿಸುವುದು, ಬಳಿಕ ನಿರಾಶೆಯಿಂದ ಕುಗ್ಗುವುದು, ಕೊನೆಗೆ ಯಾರಲ್ಲಿಯೂ ಆಳವಾದ ನಂಟನ್ನಿಡದೆ ದೂರವಾಗುವುದು ಎಂಬ ಕ್ರಮವನ್ನು ಅವರ ಜೊತೆಗಾರರಾದ ಜೇಮ್ಸ್ ರಾಬರ್ಟ್‌ಸನ್ನರು ಆಸ್ಪತ್ರೆಯ ಮಕ್ಕಳಲ್ಲಿ ಕಂಡು ತಿಳಿಸಿದರು. ಹೊಸಬರನ್ನು ಕಂಡೊಡನೆ ಓಡಿಬಂದು ತೊಡೆಯೇರುವ ಅನಾಥಾಲಯದ ಮಗುವನ್ನು ನೋಡಿ ಸ್ವಯಂಸೇವಕನು ಹಿಗ್ಗಬಹುದು. ಆ ಮಗು ಅನೇಕ ಅಗಲಿಕೆಗಳನ್ನು ಉಂಡುದರಿಂದಲೇ ಪರಿಚಿತ ಅಪರಿಚಿತರೆಂಬ ಭೇದವನ್ನು ಮರೆತಿರಬಹುದು ಎಂಬುದು ಅವನಿಗೆ ಹೊಳೆಯುವುದಿಲ್ಲ.

ಕೇಡು ಇಷ್ಟಕ್ಕೇ ನಿಲ್ಲದು. ಅನೇಕ ದೇಶಗಳ ಅನಾಥಾಲಯಗಳಲ್ಲಿರುವ ಮಕ್ಕಳಲ್ಲಿ ಹೆಚ್ಚಿನವರಿಗೆ ತಾಯಿಯೋ ತಂದೆಯೋ ಬದುಕಿದ್ದಾರೆ. ಅವರನ್ನು ಅಲ್ಲಿಗೆ ತಂದುದು ಬಡತನ. ಸಂದರ್ಶಕರೂ ಅವರ ಹಣವೂ ಬಂದಂತೆಲ್ಲ ಮಕ್ಕಳನ್ನು ಮನೆಗೆ ಕಳುಹಿಸುವ ಬದಲು ಹಿಡಿದಿಡುವ ಲೋಭವು ಕೆಲವೆಡೆ ಬೆಳೆಯಿತು. ಆದುದರಿಂದಲೇ 2019ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಯು ಮಕ್ಕಳ ಹಕ್ಕುಗಳನ್ನು ಕುರಿತ ತನ್ನ ನಿರ್ಣಯದಲ್ಲಿ, ಅನಾಥಾಲಯಗಳಲ್ಲಿಯ ಸ್ವಯಂಸೇವೆಯಿಂದ ಒದಗುವ ಹಾನಿಯನ್ನು ತಡೆಯಬೇಕೆಂದು ರಾಷ್ಟ್ರಗಳಿಗೆ ಸೂಚಿಸಿತು.

ಸ್ಪ್ಯಾನಿಷ್ ಭಾಷೆಯಲ್ಲಿ ಎಸ್ಪೆರಾರ್ ಎಂಬ ಒಂದು ಕ್ರಿಯಾಪದವಿದೆ. ಕಾಯುವುದೆಂಬುದು ಅದರ ಒಂದು ಅರ್ಥ, ಆಶಿಸುವುದೆಂಬುದು ಮತ್ತೊಂದು. ಯಾವ ಅರ್ಥದಲ್ಲಿ ಬಂದಿತೆಂಬುದನ್ನು ಸಂದರ್ಭದಿಂದ ತಿಳಿಯಬೇಕು. ಪರದೇಶಿಯು ಈ ಪದವನ್ನು ಮೊದಲ ವಾರಗಳಲ್ಲಿಯೇ ಕಲಿಯುತ್ತಾನೆ. ಮತ್ತೆ ಬರುತ್ತೇನೆಂದು ನುಡಿದು ಅವನು ಹೊರಟುಹೋದರೆ, ಬಾಗಿಲ ಬಳಿ ನಿಂತ ಮಗುವಿನಲ್ಲಿ ಆ ಎರಡು ಅರ್ಥಗಳೂ ಕೂಡಿಕೊಳ್ಳುತ್ತವೆ. ಕಾಯುವುದು ಎಲ್ಲಿ ಮುಗಿಯಿತು, ಆಸೆ ಎಲ್ಲಿ ಉಳಿಯಿತು ಎಂಬುದನ್ನು ವಿಂಗಡಿಸಿ ಹೇಳಲು ಆ ಮಗುವಿಗೆ ಬಾರದು. ವ್ಯಾಕರಣವನ್ನು ಕಲಿತು ಈ ಅರ್ಥವನ್ನು ಕಲಿಯದೆ ಹೋದವನ ಭಾಷಾಜ್ಞಾನವು ಅಪೂರ್ಣವೆಂದೇ ಹೇಳಬೇಕು.

ಹಾಗಾದರೆ ಭಾಷೆ ಕಲಿಯಹೋದವನು ಮಕ್ಕಳ ಕಡೆಗೆ ತಲೆಹಾಕಲೇಬಾರದೆ? ಹಾಗೆಂದು ಸಿದ್ಧಾಂತಮಾಡಿದರೆ ಲೋಕದಲ್ಲಿ ಕರುಣೆಗೆ ಎಡೆಯೇ ಇಲ್ಲದಂತಾದೀತು. ಲಾಭವು ಸೇವೆಯನ್ನು ಕೆಡಿಸುವುದಿಲ್ಲ. ಲಾಭವನ್ನು ಮರೆಮಾಡಿ ತಾನೇ ದಾನಿಯೆಂದು ಭಾವಿಸುವುದು ಕೆಡಿಸುತ್ತದೆ. ನಾನು ಕಲಿಯಲು ಬಂದವನು, ಈ ಮಕ್ಕಳಿಗೆ ಋಣಿ ಎಂದು ಒಪ್ಪಿಕೊಂಡವನ ನಡತೆಯೇ ಬೇರೆಯಾಗುತ್ತದೆ. ಅವನು ಕಲಿಸುವ ಉಪಾಧ್ಯಾಯರಿಗೆ ಸಲ್ಲತಕ್ಕ ಸಂಬಳವನ್ನು ಚೌಕಾಶಿಯಿಲ್ಲದೆ ಸಲ್ಲಿಸುತ್ತಾನೆ. ಅನಾಥಾಲಯದ ಹಸುಳೆಗಳನ್ನು ಎತ್ತಿ ಮುದ್ದಾಡುವುದನ್ನು ಬಿಟ್ಟು, ಸಂಜೆಗೆ ತಾಯಿಯ ಬಳಿಗೆ ಹಿಂದಿರುಗುವ ಮಕ್ಕಳ ಶಾಲೆಯನ್ನು ಆರಿಸಿಕೊಳ್ಳುತ್ತಾನೆ. ಅಲ್ಲಿಯೂ ಮಕ್ಕಳ ಮುಂದೆ ನಿಲ್ಲುವ ಗೌರವವನ್ನು ಊರಿನ ಉಪಾಧ್ಯಾಯಿನಿಗೇ ಬಿಟ್ಟು, ತಾನು ಹಿಂದೆ ಕುಳಿತು ಪುಸ್ತಕಗಳಿಗೆ ರಟ್ಟು ಕಟ್ಟುವುದು, ಅಂಗಳ ಗುಡಿಸುವುದು ಮೊದಲಾದ ಕೆಲಸಗಳಿಂದ ಆಕೆಯ ಹೊರೆಯನ್ನು ಇಳಿಸುತ್ತಾನೆ. ಹೊರಡುವ ದಿನವನ್ನು ಬಂದ ದಿನವೇ ಮಕ್ಕಳಿಗೆ ತಿಳಿಸುತ್ತಾನೆ. ಪಾಲಿಸಲಾಗದ ಮಾತನ್ನು ಕೊಡುವುದಿಲ್ಲ. ಅವರ ಭಾವಚಿತ್ರಗಳನ್ನು ತನ್ನ ಪುಣ್ಯದ ಸಾಕ್ಷಿಗಳಂತೆ ಊರೂರಿಗೆ ತೋರಿಸುವುದಿಲ್ಲ.

ಶರಣರ ಪರಂಪರೆಯು ದಾನವೆಂಬ ಶಬ್ದಕ್ಕಿಂತ ದಾಸೋಹವೆಂಬ ಶಬ್ದವನ್ನು ಮೇಲಾಗಿ ಎಣಿಸಿದ್ದರ ಔಚಿತ್ಯವು ಇಲ್ಲಿ ವಿಶದವಾಗುತ್ತದೆ. ದಾನದಲ್ಲಿ ಕೊಟ್ಟೆನೆಂಬ ಕೈಯು ಮೇಲಿರುತ್ತದೆ. ದಾಸೋಹದಲ್ಲಿ ನೀಡುವವನೇ ದಾಸ. ಸ್ವೀಕರಿಸಲು ಬಂದವರಿಂದ ಅವನ ಕಾಯಕವು ಸಾರ್ಥಕವಾಗುತ್ತದೆ. ಈ ಭಾವವುಳ್ಳವನಿಗೆ ತನಗಾದ ಲಾಭವನ್ನು ಹೇಳಿಕೊಳ್ಳಲು ನಾಚಿಕೆಯಿಲ್ಲ, ತಾನು ಮಾಡಿದ ಉಪಕಾರವನ್ನು ಎಣಿಸಲು ಆತುರವೂ ಇಲ್ಲ.

ಇಂದು ಅನೇಕ ಗೃಹಸ್ಥರ ಮಕ್ಕಳು ವಿದ್ಯೆಗಾಗಿಯೂ ಉದ್ಯೋಗಕ್ಕಾಗಿಯೂ ಸಮುದ್ರಗಳಾಚೆ ನೆಲಸಿದ್ದಾರೆ. ಅವರಲ್ಲಿ ಯಾರಾದರೂ ಇಂಥ ಸೇವೆಗೆ ಹೊರಟೆನೆಂದು ಪತ್ರ ಬರೆದರೆ ತಂದೆತಾಯಿಗಳು ಸಂತೋಷಪಡುವುದು ಸಹಜ. ಸಂತೋಷದೊಡನೆ ಒಂದು ಪ್ರಶ್ನೆಯನ್ನೂ ಕೇಳತಕ್ಕುದು: ನೀನು ಅಲ್ಲಿಂದ ಹೊರಟುಬಂದ ಮರುದಿನ ಆ ಮಗುವಿನ ಕೈಯನ್ನು ಹಿಡಿಯುವವರು ಯಾರು? ಈ ಪ್ರಶ್ನೆಗೆ ಆ ಊರಿನಲ್ಲಿಯೇ ಇರುವ ಒಬ್ಬ ತಾಯಿಯ, ಒಬ್ಬ ಉಪಾಧ್ಯಾಯಿನಿಯ ಹೆಸರು ಉತ್ತರವಾಗಿ ಬಂದರೆ ನಿಶ್ಚಿಂತೆಯಿಂದ ಹೋಗಿ ಬಾ ಎಂದು ಹರಸಬಹುದು. ಉತ್ತರವು ಬಾರದಿದ್ದರೆ, ಸದ್ಯಕ್ಕೆ ನುಡಿಯನ್ನಷ್ಟೇ ಕಲಿತು ಬಾ ಎಂದು ತಿಳಿಯಹೇಳುವುದೇ ಲೇಸು.