ಹೆಚ್ಚಿನ ಕಾಲ ಅನ್ಯಾಯವೇ?

ವಿಶ್ವವಿದ್ಯಾಲಯದ ಪರೀಕ್ಷೆಯಲ್ಲಿ ಅಂಧ ವಿದ್ಯಾರ್ಥಿಗೆ ಲಿಪಿಕಾರನನ್ನೂ ಗಂಟೆಗೆ 20 ನಿಮಿಷಗಳ ಹೆಚ್ಚಿನ ಕಾಲವನ್ನೂ ಕೊಟ್ಟರೆ ಉಳಿದವರಿಗೆ ಅನ್ಯಾಯವಾಗದೇ ಎಂದು ಕೇಳುವವರುಂಟು. ಕೇಳತಕ್ಕ ಪ್ರಶ್ನೆಯೇ. ಆದರೆ ಪರೀಕ್ಷೆಯು ಅಳೆಯಹೊರಟಿರುವುದು ಏನನ್ನು? ತರ್ಕಶಾಸ್ತ್ರದ ಪತ್ರಿಕೆಯು ತರ್ಕಜ್ಞಾನವನ್ನು ಅಳೆಯಬೇಕೇ ಹೊರತು ಬೆರಳುಗಳ ವೇಗವನ್ನಲ್ಲ. ಶೀಘ್ರಲಿಪಿಯ ಪರೀಕ್ಷೆಯಾದರೆ ಮಾತು ಬೇರೆ; ಅಲ್ಲಿ ವೇಗವೇ ವಿದ್ಯೆ.

2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಯುಕ್ತವಾದ ಹೊಂದಾಣಿಕೆಯನ್ನು ನಿರಾಕರಿಸುವುದನ್ನೇ ಭೇದಭಾವವೆಂದು ಗಣಿಸಿದೆ. ಬರೆಯುವಾಗ ಕೈ ಸೆಟೆಯುವ ಅಭ್ಯರ್ಥಿಗೆ, ಆತನ ವೈಕಲ್ಯವು ಶೇಕಡಾ 40ನ್ನು ಮುಟ್ಟದಿದ್ದರೂ, ಲಿಪಿಕಾರನನ್ನು ಪಡೆವ ಹಕ್ಕುಂಟೆಂದು 2021ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ಆದುದರಿಂದ ಕರುಣೆಯ ಮಾತನ್ನು ಇಲ್ಲಿ ತರದಿರುವುದೇ ಲೇಸು. ಕಪ್ಪುಹಲಗೆಯ ಮೇಲೆ ಬರೆದುದನ್ನು ಗಟ್ಟಿಯಾಗಿ ಓದಿ ಹೇಳಲು ಅಧ್ಯಾಪಕರಿಗೆ ವೆಚ್ಚವೇನೂ ತಗಲದು. ಇನ್ನು ಉತ್ತರವು ತಪ್ಪಾದರೆ ಅಂಕವನ್ನು ಕಳೆಯಲಿ. ಅಲ್ಲಿ ರಿಯಾಯಿತಿಯನ್ನು ಆ ವಿದ್ಯಾರ್ಥಿಯೂ ಕೇಳಿಲ್ಲ.