ಬೋಳು ಟೈರಿನ ಲೆಕ್ಕ

ಹಿಮ ಬೀಳುವ ದೇಶಗಳಲ್ಲಿ ಚಳಿಗಾಲಕ್ಕೆಂದೇ ಬೇರೆ ಟೈರುಗಳಿವೆ. 7 ಡಿಗ್ರಿಗಿಂತ ಕೆಳಗೆ ಸಾಮಾನ್ಯ ರಬ್ಬರು ಗಡುಸಾಗಿ ಹಿಡಿತ ಕಳೆದುಕೊಳ್ಳುತ್ತದೆ, ಇವು ಮೆತ್ತಗೇ ಉಳಿಯುತ್ತವೆ. ಖರ್ಚು ಮಾತ್ರ ಎರಡು ಜೊತೆಯದು. ರಸ್ತೆಯಲ್ಲಿ ಹಿಮವಿದ್ದರೆ ಅವು ಇರಲೇಬೇಕೆಂದು ಜರ್ಮನಿ 2010ರಲ್ಲಿ ನಿಯಮ ಬಿಗಿ ಮಾಡಿತು. ಹುಣಸೂರಿನಲ್ಲಿ ಹಿಮವಿಲ್ಲ. ಆದರೆ ಜೂನ್ ಬರುತ್ತದೆ.

ನಮ್ಮ ಕಡೆ ಇರುವುದು ಸವೆದ ಟೈರಿನ ಪ್ರಶ್ನೆ. ಟೈರಿನ ಗೀರುಗಳ ಕೆಲಸ ನೀರನ್ನು ಪಕ್ಕಕ್ಕೆ ತಳ್ಳುವುದು. ಒಣ ರಸ್ತೆಯಲ್ಲಿ ಬೋಳು ಟೈರು ಹೇಗೋ ಓಡುತ್ತದೆ. ನೀರು ನಿಂತ ಕಡೆ ವೇಗವಾಗಿ ಹೋದರೆ ಅದು ತೇಲುತ್ತದೆ, ಬ್ರೇಕೂ ಸ್ಟೇರಿಂಗೂ ಮಾತು ಕೇಳುವುದಿಲ್ಲ. ಕಾರಿನ ಟೈರಿನಲ್ಲಿ ಗೀರಿನ ಆಳ 1.6 ಮಿಲಿಮೀಟರಿಗೆ ಇಳಿದರೆ ತಿಳಿಯಲೆಂದು ಗೀರಿನೊಳಗೇ ಉಬ್ಬು ಇಟ್ಟಿರುತ್ತಾರೆ. ಅದನ್ನು ಬಗ್ಗಿ ನೋಡುವವರು ಕಡಿಮೆ.

ನೋಡಿದರೂ ದುಡ್ಡು ಬೇಕಲ್ಲ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರದ ಸೀಮೆಯಲ್ಲಿ ಬಹಳ ಮನೆಗಳಿಗೆ ಕೈತುಂಬ ಹಣ ಬರುವುದು ಹೊಗೆಸೊಪ್ಪು ಹರಾಜಾದ ಮೇಲೆ, ಅಂದರೆ ಮುಂಗಾರು ಹಿಂದೆ ಸರಿಯುವ ಹೊತ್ತಿಗೆ. ಜೂನಿನಲ್ಲಿ ಇದ್ದಬದ್ದದ್ದು ಗೊಬ್ಬರಕ್ಕೆ, ಸೌದೆಗೆ ಹೋಗಿರುತ್ತದೆ. ಹಾಗಾಗಿ ಹಳೆಯ ಟೈರು ಮಳೆಯಲ್ಲಿ ಓಡುತ್ತದೆ, ಹೊಸದು ಬಿಸಿಲಿಗೆ ಬರುತ್ತದೆ. ಇದನ್ನು ಅಜ್ಞಾನ ಎನ್ನುವವರ ಮಾತು ನನಗೆ ಹಿಡಿಸುವುದಿಲ್ಲ. (ರೀಸೋಲ್ ಟೈರನ್ನು ಕಂಡು ಮೂಗು ಮುರಿಯುವುದೂ ಅಷ್ಟೇ. ಸರಿಯಾಗಿ ಮಾಡಿದ್ದಾದರೆ ವಿಮಾನಗಳೂ ಅದರ ಮೇಲೇ ಇಳಿಯುತ್ತವೆ.)

ತನ್ನ ಬೈಕಿನಲ್ಲಿ ಒಬ್ಬನೇ ಹೋಗುವವನ ಲೆಕ್ಕ ಒಂದು ಮಟ್ಟಿಗೆ ಅವನದೇ. ಹಾಡಿಗಳಿಂದ ಕೊಡಗಿನ ಕಾಫಿ ತೋಟಗಳಿಗೆ ಆಳುಗಳನ್ನು ತುಂಬಿಕೊಂಡು ಹೋಗುವ ಜೀಪಿನ ವಿಷಯ ಬೇರೆ. ಅಲ್ಲಿ ಟೈರು ಇನ್ನೊಂದು ಮಳೆಗಾಲ ತಡೆಯುತ್ತದೆ ಎಂದು ತೀರ್ಮಾನಿಸುವವನು ಒಬ್ಬ, ಹಿಂದೆ ಒತ್ತಿಕೊಂಡು ಕೂರುವವರು ಹತ್ತಾರು ಜನ. ಉಳಿತಾಯ ಅವನ ಜೇಬಿಗೆ, ಅಪಾಯ ಇವರ ಮೈಗೆ.

ಯಾರೂ ಬಲವಂತದಿಂದ ಹತ್ತಿಸಿಲ್ಲವಲ್ಲ ಎಂಬ ವಾದವಿದೆ. ಒಪ್ಪಿಗೆಗೆ ಬೆಲೆ ಬರುವುದು ಬೇಡ ಎನ್ನಲು ದಾರಿಯಿದ್ದಾಗ. ಬೆಳಗಿನ ಜಾವ ಹಾಡಿಯ ಮುಂದೆ ಬಂದು ನಿಲ್ಲುವುದು ಒಂದೇ ಜೀಪು. ಅದನ್ನು ಬಿಟ್ಟರೆ ಅಂದಿನ ಕೂಲಿ ಹೋಯಿತು. ಟೈರನ್ನು ಬಗ್ಗಿ ನೋಡಿ ಹತ್ತುವ ಹೆಂಗಸಿಗೆ ನಾಳೆ ಜಾಗವಿರುತ್ತದೆಂದು ಹೇಳುವವರು ಯಾರು?

ಆದರೂ ಪೂರ್ತಿ ಹೊಣೆಯನ್ನು ಜೀಪಿನವನ ತಲೆಗೆ ಕಟ್ಟಲು ನನಗೆ ಮನಸ್ಸಿಲ್ಲ. ಎಷ್ಟೋ ಸಲ ಓಡಿಸುವವನು ಬೇರೆ, ಮಾಲೀಕ ಬೇರೆ. ಓಡಿಸುವವನು ಅದೇ ಟೈರಿನ ಮೇಲೆ ಎಲ್ಲರಿಗಿಂತ ಮುಂದೆ ಕೂತಿರುತ್ತಾನೆ. ಇವರೆಲ್ಲ ಹೊತ್ತಿಗೆ ಸರಿಯಾಗಿ ತಲುಪಿದರೆ ಲಾಭವಾಗುವುದು ತೋಟದವರಿಗೆ. ಅವರ ಖರ್ಚಿನ ಪುಸ್ತಕದಲ್ಲಿ ಗೊಬ್ಬರವಿದೆ, ಔಷಧಿಯಿದೆ, ಕೂಲಿಯಿದೆ, ಜೀಪಿನ ಬಾಡಿಗೆಯೂ ಇರಬಹುದು. ಆ ಬಾಡಿಗೆ ಮಾತಾಡುವಾಗ ಮೇ ತಿಂಗಳಲ್ಲೇ ನಾಲ್ಕು ಟೈರಿನ ಮುಂಗಡ ಯಾಕೆ ಸೇರುವುದಿಲ್ಲ?