ಗುಡಿಯ ಶುಚಿ, ಎದೆಯ ಶುಚಿ



ಹಬ್ಬ ಹತ್ತಿರ ಬಂತೆಂದರೆ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಸೀಮೆಯ ಮನೆಗಳಲ್ಲಿ ಮೊದಲ ಕೆಲಸ ಶುಚಿ. ಗೋಡೆಗೆ ಸುಣ್ಣ, ಬಾಗಿಲಿಗೆ ತೋರಣ. ದೇವಾಲಯದಲ್ಲೂ ಅಷ್ಟೆ. ನೆಲ ತೊಳೆದು, ಬಲಿಪೀಠಕ್ಕೆ ಬಿಳಿ ವಸ್ತ್ರ ಹಾಸಿ, ಹೂವಿಟ್ಟು, ಮೇಣದಬತ್ತಿ ಹಚ್ಚುತ್ತೇವೆ. "ದೇವರು ನೋಡೋದು ಹೃದಯವನ್ನ, ಇದೆಲ್ಲ ಯಾಕೆ?" ಅಂತ ಕೆಲವರು ಕೇಳುವುದುಂಟು. ಈ ಪ್ರಶ್ನೆಗೆ ನಮ್ಮ ಮಣ್ಣಿನಲ್ಲೇ ಉತ್ತರವಿದೆ.

1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾ ಕರಾವಳಿಯ ಸಾವಿರಾರು ಕಥೋಲಿಕರನ್ನು ಸೆರೆಹಿಡಿದು, ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ತಂದರು. ಊರಿನ ಚರ್ಚುಗಳು ನೆಲಸಮವಾಗಿದ್ದವು, ಗುರುಗಳನ್ನು ಹೊರಗಟ್ಟಲಾಗಿತ್ತು. ದಾರಿಯಲ್ಲೂ ಸೆರೆಯಲ್ಲೂ ಎಷ್ಟೋ ಜನ ಸತ್ತರು. ಬಲಿಪೀಠವಿಲ್ಲದ ಆ ವರ್ಷಗಳಲ್ಲಿ ವಿಶ್ವಾಸಕ್ಕೆ ಉಳಿದ ಗುಡಿ ಹೃದಯವೊಂದೇ. ಆದರೆ 1799ರಲ್ಲಿ ಸೆರೆ ಮುಗಿದು ಊರಿಗೆ ಮರಳಿದವರು "ಹೃದಯವಿದ್ದರೆ ಸಾಕು" ಎಂದು ಸುಮ್ಮನಿರಲಿಲ್ಲ. ಬಿದ್ದ ಚರ್ಚುಗಳನ್ನು ಮತ್ತೆ ಕಟ್ಟಿದರು. ಎದೆಯೊಳಗಿನ ಭಕ್ತಿಗೆ ಎಲ್ಲರೂ ಸೇರಿ ಮೊಣಕಾಲೂರುವ ಒಂದು ಜಾಗ ಬೇಕು.

ಅದೇ 1799ರ ನಂತರ ಶ್ರೀರಂಗಪಟ್ಟಣಕ್ಕೆ ಬಂದ ಫ್ರೆಂಚ್ ಗುರು ಅಬ್ಬೆ ದುಬೆ ಚದುರಿದ ಕ್ರೈಸ್ತರನ್ನು ಒಟ್ಟುಗೂಡಿಸಿದರು. ಅಷ್ಟಕ್ಕೇ ನಿಲ್ಲದೆ ಮೈಸೂರು ಸೀಮೆಯಲ್ಲಿ ಸಿಡುಬಿನ ಲಸಿಕೆ ಹಾಕಿಸಲೂ ದುಡಿದರು. ಬಲಿಪೂಜೆ ಮಾಡುವ ಕೈ ಜನರ ನೋವನ್ನೂ ಮುಟ್ಟಿತು.

ಇಲ್ಲೇ ನಮ್ಮ ಕಷ್ಟ ಇರೋದು. ನೆಲ ತೊಳೆಯುವುದು ಸುಲಭ, ಮನಸ್ಸು ತೊಳೆಯುವುದು ಕಷ್ಟ. ಬಲಿಪೀಠಕ್ಕೆ ಹೂ ಇಡುವ ಕೈಯೇ ಅಣ್ಣನ ಗದ್ದೆಯ ಬದು ಒತ್ತಿದ್ದರೆ? ನಾಲೆ ನೀರಿನ ಜಗಳದಲ್ಲಿ ಪಕ್ಕದವನ ಜೊತೆ ಮಾತು ಬಿಟ್ಟಿದ್ದರೆ? ಕಾಣಿಕೆಯನ್ನು ಬಲಿಪೀಠದ ಮುಂದೆ ಬಿಟ್ಟು ಮೊದಲು ಸಹೋದರನೊಡನೆ ರಾಜಿಯಾಗಿ ಬಾ ಎಂದು ಯೇಸುಸ್ವಾಮಿ ಬೋಧಿಸಿದ್ದು ಮತ್ತಾಯನ ಶುಭಸಂದೇಶದ 5ನೇ ಅಧ್ಯಾಯದಲ್ಲಿದೆ. ಪಾಪನಿವೇದನೆ ಮಾಡಿಬಂದರೂ ಒತ್ತಿದ ಬದು ಒತ್ತಿದಂತೆಯೇ ಇದ್ದರೆ ಪಶ್ಚಾತ್ತಾಪ ಅರ್ಧ ಮಾತ್ರ. ತೆಗೆದುಕೊಂಡದ್ದನ್ನು ಹಿಂದಿರುಗಿಸಬೇಕು.

"ನಾನು ಹೋದೆ, ಅವನೇ ಮುಖ ತಿರುಗಿಸಿದ" ಅನ್ನುತ್ತೀರಾ? ಹೋಗುವುದು ನಿಮ್ಮ ಪಾಲು. ಅವನ ಮನಸ್ಸು ತಿರುಗಿಸುವುದು ದೇವರ ಪಾಲು. ಅವನಿಗಾಗಿ ಪ್ರಾರ್ಥಿಸಿ ಪೂಜೆಗೆ ಬನ್ನಿ.

ಬಲಿಪೂಜೆಗೆ ಸ್ವಲ್ಪ ಮುಂಚೆಯೇ ಬನ್ನಿ. ಮೊಬೈಲ್ ಆರಿಸಿ. ಪರಮಪ್ರಸಾದಕ್ಕೆ ಒಂದು ಗಂಟೆ ಮುಂಚಿನಿಂದ ಉಪವಾಸವಿರಿ. ನೀರು, ಔಷಧಿಗೆ ಅಡ್ಡಿಯಿಲ್ಲ. ತೀರ್ಥ ಮುಟ್ಟಿ ಶಿಲುಬೆಯ ಗುರುತು ಹಾಕುವಾಗ ಯಾರ ಮೇಲೆ ಸಿಟ್ಟಿದೆಯೋ ಅವರ ಹೆಸರನ್ನು ಮನಸ್ಸಿನಲ್ಲಿ ಹೇಳಿಕೊಳ್ಳಿ. ಅಲ್ಲಿಂದಲೇ ಸಿದ್ಧತೆ ಶುರುವಾಗುತ್ತದೆ.

ಈ ಬೆಟ್ಟದ ಮೆಟ್ಟಿಲುಗಳನ್ನು ಹತ್ತಿ ಬಂದವರೆಲ್ಲ ಹಗುರಾದ ಎದೆಯಿಂದ ಇಳಿಯುವಂತಾಗಲಿ. ದೇವರು ನಿಮ್ಮೆಲ್ಲರನ್ನು ಆಶೀರ್ವದಿಸಲಿ.